ಸಹಾಯ ಬೇಕು: ಅಡಿಕೆ ಶೆಡ್ಡಿನ ಮಾಡಿಗೆ ಓರೆ ಪೈಪ್ ಎಷ್ಟು ಉದ್ದ ಬೇಕು?

ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಹತ್ತಿರ ನಮ್ಮ ತೋಟ. ಮಳೆಗಾಲಕ್ಕೆ ಮೊದಲು ಅಂಗಳದ ಬದಿಯಲ್ಲಿ ಅಡಿಕೆ ಶೆಡ್ ಆಗಲೇಬೇಕು. ವೆಲ್ಡಿಂಗಿನವರು ಓರೆ ಪೈಪಿನ ಅಳತೆ ಕೇಳಿದ್ದಾರೆ. ಲೆಕ್ಕ ಬಲ್ಲವರು ಒಮ್ಮೆ ನೋಡಿ ಹೇಳಿ.

ಶೆಡ್ಡಿನ ಅಗಲ 24 ಅಡಿ, ಎರಡೂ ಕಡೆಗೆ ಇಳಿಜಾರು. ಅಂದರೆ ಅರ್ಧಕ್ಕೆ 12 ಅಡಿ. ಗೋಡೆಯ ಮಟ್ಟದಿಂದ ನಡುವಿನ ಎತ್ತರ 5 ಅಡಿ. ಲಂಬಕೋನ ತ್ರಿಭುಜ ಅಲ್ವಾ? 12ರ ವರ್ಗ 144, 5ರ ವರ್ಗ 25, ಕೂಡಿದರೆ 169. ಅದರ ವರ್ಗಮೂಲ 13. ಹಾಗಾಗಿ ವಿಕರ್ಣ 13 ಅಡಿ. ಇಲ್ಲಿವರೆಗೆ ಸಂಶಯ ಇಲ್ಲ. ನಮ್ಮ ಕಡೆಯ ಮಳೆ ನೋಡಿದರೆ ಇಳಿಜಾರು ಕಡಿಮೆ ಮಾಡಲು ಧೈರ್ಯವೂ ಇಲ್ಲ.

ತೊಂದರೆ ಇರುವುದು ಸೂರಿನಲ್ಲಿ. ಇರಚಲು ಹೊಡೆಯದ ಹಾಗೆ ಗೋಡೆಯಿಂದ 2 ಅಡಿ ಹೊರಗೆ ಬಿಡಬೇಕು. ಇಳಿಜಾರಿನ ಉದ್ದಕ್ಕೇ 2 ಅಡಿ ಸೇರಿಸಿದರೆ 15 ಆಗುತ್ತದೆ. 20 ಅಡಿ ಪೈಪಿನಲ್ಲಿ ಉಳಿಯುವ 5 ಅಡಿ ತುಂಡು ಸೀದಾ ನಡುಗಂಬಕ್ಕೆ ಸರಿಹೋಗುತ್ತದೆ. ಆದರೆ ನೆಲದ ಮೇಲೆ ಅಳೆದು 2 ಅಡಿ ಬೇಕೆಂದರೆ ಅಡ್ಡ ಅಳತೆ 14. ಅದನ್ನು 13ರಿಂದ ಗುಣಿಸಿ 12ರಿಂದ ಭಾಗಿಸಿದರೆ 15 ಅಡಿ 2 ಇಂಚು. ಆಗ ಉಳಿಯುವ ತುಂಡು 4 ಅಡಿ 10 ಇಂಚು, ಕಂಬಕ್ಕೆ ಸಾಲುವುದಿಲ್ಲ.

ಮಾಡು ಕಟ್ಟಿಸಿದ ಅನುಭವ ಇರುವವರು ಸೂರನ್ನು ಹೇಗೆ ಅಳೆಯುತ್ತೀರಿ? ಪೈಪ್ 2 ಇಂಚಿನ ಚೌಕದ್ದು. ನಡುವಿನಲ್ಲಿ ಓರೆಯಾಗಿ ಕತ್ತರಿಸಿ ಜೋಡಿಸುವಾಗ ಆ ದಪ್ಪಕ್ಕೆಂದು ಬೇರೆ ಎಷ್ಟು ಇಂಚು ಜಾಸ್ತಿ ಇಡಬೇಕು?