ಪುಟ್ಟನ ಸೈನ್ಯದ ಅರ್ಜಿಯ ಬಗ್ಗೆ ಸೋದರಮಾವನ ಮಾತು

ಭಾವ, ಅಕ್ಕ, ಗುಂಪಿನಲ್ಲಿರುವ ಎಲ್ಲರಿಗೂ ನಮಸ್ಕಾರ. ಪುಟ್ಟ ಅಗ್ನಿವೀರ್, ಅಂದರೆ ಸೈನ್ಯದ ನಾಲ್ಕು ವರ್ಷದ ಸೇವೆಯ ಅರ್ಜಿಯಲ್ಲಿ ಯಾವ ವರ್ಗ ಹಾಕಬೇಕು ಎಂದು ಭಾವ ನಿನ್ನೆ ರಾತ್ರಿ ಕೇಳಿದರು. ಆಮೇಲೆ ಬಂದ ಸಂದೇಶಗಳನ್ನೆಲ್ಲ ಓದಿದೆ. ಪುಟ್ಟನಿಗೆ ಜನರಲ್ ಡ್ಯೂಟಿಯೇ, ಅಂದರೆ ಸಾಮಾನ್ಯ ಸೈನಿಕನ ಕೆಲಸವೇ ಬೇಕು, ಗೆಳೆಯರೆಲ್ಲ ಅದಕ್ಕೇ ಹಾಕುತ್ತಿದ್ದಾರಂತೆ. ಭಾವನಿಗೆ ಮಗ ಕ್ಲರ್ಕ್ ಆಗಬೇಕು. ಅಕ್ಕನಿಗೆ ಗಡಿಗೆ ಕಳಿಸದ ಕೆಲಸ ಯಾವುದಾದರೂ ಸರಿ. ಹದಿನೇಳು ವರ್ಷ ಆ ಸಮವಸ್ತ್ರ ತೊಟ್ಟ ನಾನು ಇಲ್ಲಿ ಸುಮ್ಮನಿದ್ದರೆ ತಪ್ಪಾಗುತ್ತದೆ. ಮಾತು ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಕೇಳಿ.

ಭಾವ, ನಿಮ್ಮ ಆಸೆಯಿಂದಲೇ ಶುರು ಮಾಡುತ್ತೇನೆ. ಪುಟ್ಟನ ಅಂಕಪಟ್ಟಿಯನ್ನು ನೀವೇ ಹಾಕಿದ್ದೀರಿ. ದ್ವಿತೀಯ ಪಿಯುಸಿ ವಿಜ್ಞಾನದಲ್ಲಿ ಒಟ್ಟು ಶೇ. 57, ಗಣಿತದಲ್ಲಿ 44. ಕ್ಲರ್ಕ್ ಮತ್ತು ಸ್ಟೋರ್ ಕೀಪರ್ ವರ್ಗಕ್ಕೆ ಒಟ್ಟು ಶೇ. 60 ಬೇಕು, ಪ್ರತಿ ವಿಷಯದಲ್ಲೂ 50 ಬೇಕು. ಅಲ್ಲಿಗೆ ಆ ಬಾಗಿಲು ಮುಚ್ಚಿತು. ಬೇಸರ ಮಾಡಿಕೊಳ್ಳಬೇಡಿ. ಟೆಕ್ನಿಕಲ್ ವರ್ಗಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಇಂಗ್ಲಿಷ್ ಓದಿ ಒಟ್ಟು ಶೇ. 50, ಒಂದೊಂದು ವಿಷಯದಲ್ಲಿ 40 ಇದ್ದರೆ ಸಾಕು. ಅದು ಅವನಲ್ಲಿದೆ. ಜನರಲ್ ಡ್ಯೂಟಿಗೆ ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು ಶೇ. 45 ಮತ್ತು ಪ್ರತಿ ವಿಷಯದಲ್ಲಿ 33 ಇರಬೇಕು, ಅದೂ ಇದೆ. 2025ರಿಂದ ಅರ್ಹತೆ ಇರುವ ಎರಡು ವರ್ಗಗಳಿಗೆ ಅರ್ಜಿ ಹಾಕಲು ಅವಕಾಶ ಕೊಟ್ಟಿದ್ದಾರೆ. ಹಾಗಾಗಿ ಅಪ್ಪ ಮಗ ಊಟ ಬಿಟ್ಟು ಜಗಳವಾಡಬೇಕಾಗಿಲ್ಲ. ಟೆಕ್ನಿಕಲ್, ಜನರಲ್ ಡ್ಯೂಟಿ ಎರಡನ್ನೂ ತುಂಬಲಿ.

ಆದರೆ ಪುಟ್ಟ, ಅರ್ಜಿ ತುಂಬುವ ಮುಂಚೆ ನಿನಗೆ ಒಂದು ವಿಷಯ ಸ್ಪಷ್ಟವಾಗಿ ತಿಳಿದಿರಬೇಕು. ತರಬೇತಿ ಕೊಡುತ್ತೇವೆ ಎನ್ನುವ ಅಕಾಡೆಮಿಗಳವರು ಇದನ್ನು ಬಿಡಿಸಿ ಹೇಳುವುದನ್ನು ನಾನು ಕಂಡಿಲ್ಲ. ಅರ್ಜಿಯಲ್ಲಿ ನೀನು ಆರಿಸುವುದು ವರ್ಗವನ್ನು ಮಾತ್ರ. ಯಾವ ರೆಜಿಮೆಂಟು, ಯಾವ ಟ್ರೇಡು ಅಂದರೆ ಕಸುಬು ಎಂಬುದನ್ನು ಸೈನ್ಯ ತೀರ್ಮಾನಿಸುತ್ತದೆ. ಆ ವರ್ಷ ಎಲ್ಲಿ ಎಷ್ಟು ಜನ ಬೇಕು, ನಿನ್ನ ಅಂಕ ಎಷ್ಟು, ನಿನ್ನ ಒಲವು ಯಾವ ಕಡೆ, ಎಲ್ಲವೂ ಅದರಲ್ಲಿ ಸೇರುತ್ತದೆ.

ನಾನು 1997ರಲ್ಲಿ ಭರ್ತಿಯಾದವನು. ಬೆಂಗಳೂರಿನ ಹಲಸೂರು ಕೆರೆಯ ಹತ್ತಿರ ಸೈನ್ಯದ ಇಂಜಿನಿಯರಿಂಗ್ ದಳವಾದ ಮದ್ರಾಸ್ ಇಂಜಿನಿಯರ್ ಗ್ರೂಪ್‌ನ ಕೇಂದ್ರ ಇದೆಯಲ್ಲ, ಅಲ್ಲಿಗೆ ಹೋದೆ. ಅಲ್ಲಿ ಬಂದೂಕಿನ ಜೊತೆಗೆ ಒಂದು ಕಸುಬನ್ನೂ ಕಲಿಸುತ್ತಾರೆ. ನನಗೆ ಡ್ರೈವರ್ ಆಗಬೇಕೆಂದು ಆಸೆಯೋ ಆಸೆ. ಊರಿನಲ್ಲಿ ಟ್ರಾಕ್ಟರ್ ಓಡಿಸಿದ್ದೆ, ಅದನ್ನೇ ಹೇಳಿಕೊಂಡೆ. ಸಿಕ್ಕಿದ್ದು ಎಲೆಕ್ಟ್ರಿಷಿಯನ್ ಟ್ರೇಡು. ಒಂದು ವಾರ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ನಮ್ಮ ತರಗತಿಯ ಹವಾಲ್ದಾರರು ತಮಿಳಿನವರು, ಕನ್ನಡ ಅಷ್ಟಕ್ಕಷ್ಟೆ. ಒಂದು ದಿನ ನನ್ನನ್ನು ಕತ್ತಲೆ ಕೋಣೆಗೆ ಕರೆದುಕೊಂಡು ಹೋಗಿ, ಕೈಗೆ ಟೆಸ್ಟರ್ ಕೊಟ್ಟು, ಎಲ್ಲಿ ವೈರ್ ಕಡಿದಿದೆ ಹುಡುಕು ಎಂದರು. ಮುಕ್ಕಾಲು ಗಂಟೆ ಹಿಡಿಯಿತು. ಹುಡುಕಿದೆ. ದೀಪ ಹತ್ತಿಕೊಂಡಾಗ ಆದ ಸಂತೋಷ ಈಗಲೂ ನೆನಪಿದೆ. ಇವತ್ತು ಕಾರ್ಖಾನೆಯ ನಿರ್ವಹಣಾ ವಿಭಾಗದಲ್ಲಿ ನಾನು ದುಡಿಯುತ್ತಿರುವುದು ಅದೇ ವಿದ್ಯೆಯಿಂದ.

ಅಕ್ಕ, ಈಗ ನಿನ್ನ ಭಯದ ಮಾತು. ಟೆಕ್ನಿಕಲ್ ಎಂದರೆ ಗಡಿಯಿಂದ ದೂರ ಎಂದುಕೊಂಡು ಮಗನನ್ನು ಕಳಿಸಬೇಡ. ನಿನಗೆ ಸುಳ್ಳು ಧೈರ್ಯ ಕೊಡಲು ನನಗೆ ಮನಸ್ಸಿಲ್ಲ. 2001ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮೇಲೆ ದಾಳಿ ನಡೆದ ಮೇಲೆ ಸೈನ್ಯ ಗಡಿಗೆ ಹೋಯಿತು, ಆಪರೇಷನ್ ಪರಾಕ್ರಮ್ ಎಂದು ಅದರ ಹೆಸರು. ದಾಖಲೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ನಾನು ರಾಜಸ್ಥಾನದ ಮರಳಿನಲ್ಲಿ ತಿಂಗಳುಗಟ್ಟಲೆ ನೆಲಬಾಂಬ್ ಹೂಳಿದೆ, ಆಮೇಲೆ ಅವನ್ನೇ ತೆಗೆದೆ. ಯುದ್ಧ ನಡೆಯಲಿಲ್ಲ, ಆದರೂ ಆ ನೆಲಬಾಂಬ್‌ಗಳ ಕೆಲಸದಲ್ಲೇ ನಮ್ಮ ಕಡೆ ಬಹಳ ಜನ ಸತ್ತರು, ಕೈಕಾಲು ಕಳೆದುಕೊಂಡರು. ಆ ದಿನಗಳಲ್ಲಿ ನಾನು ಬರೆದ ಪತ್ರಗಳಲ್ಲಿ ಇದೆಲ್ಲ ಇರಲಿಲ್ಲ, ನಿನಗೆ ಗೊತ್ತು. ವಾಹನ ರಿಪೇರಿಯವನು, ಸಿಗ್ನಲ್ಸ್‌ನವನು, ಕ್ಲರ್ಕ್ ಕೂಡ ಯೂನಿಟ್ ಎಲ್ಲಿರುತ್ತದೋ ಅಲ್ಲಿಯೇ ಇರಬೇಕು. ಹೆದರಿಸಲು ಹೇಳುತ್ತಿಲ್ಲ. ಒಪ್ಪಿಗೆ ಕೊಡುವುದಾದರೆ ಗೊತ್ತಿದ್ದು ಕೊಡು ಎಂದು ಹೇಳುತ್ತಿದ್ದೇನೆ.

2024ರ ಜುಲೈ ಕೊನೆಯಲ್ಲಿ ವಯನಾಡಿನಲ್ಲಿ ಗುಡ್ಡ ಕುಸಿಯಿತಲ್ಲ, ಆಗ ಚೂರಲ್‌ಮಲೆಯಲ್ಲಿ ಹೊಳೆಗೆ ಅಡ್ಡಲಾಗಿ 190 ಅಡಿಯ ಬೈಲಿ ಸೇತುವೆ (ಉಕ್ಕಿನ ಪ್ಯಾನಲ್‌ಗಳನ್ನು ಜೋಡಿಸಿ ಬೇಗ ಕಟ್ಟುವ ಸೇತುವೆ) ಕಟ್ಟಿದ್ದು ನಮ್ಮ ಮದ್ರಾಸ್ ಇಂಜಿನಿಯರ್ ಗ್ರೂಪ್‌ನ ಹುಡುಗರು. ಮಳೆಯಲ್ಲಿ, ರಾತ್ರಿಯೂ ನಿಲ್ಲಿಸದೆ ದುಡಿದು ಆಗಸ್ಟ್ 1ರಂದು ಮುಗಿಸಿದರು. ಟಿವಿ ಮುಂದೆ ಕುಳಿತು ನಾನು ಅತ್ತಿದ್ದನ್ನು ಮನೆಯವರು ನೋಡಿದ್ದಾರೆ. ಆ ಸೇತುವೆಯ ಒಂದು ಪ್ಯಾನಲ್ 10 ಅಡಿ ಉದ್ದ, ತೂಕ ಸುಮಾರು 260 ಕಿಲೋ. ಆರು ಜನ ಒಟ್ಟಿಗೆ ಹೆಗಲು ಕೊಟ್ಟರೆ ಮಾತ್ರ ಏಳುತ್ತದೆ. ಎತ್ತುವಾಗ ಯಾರು ಬಡಗಿ, ಯಾರು ಪ್ಲಂಬರ್ ಎಂದು ಯಾರೂ ಕೇಳುವುದಿಲ್ಲ.

ಹಾಗೆಯೇ, ಗುಂಪಿನಲ್ಲಿ ಒಬ್ಬರು "ಏನೂ ಸಿಗದಿದ್ದರೆ ಅಡುಗೆಯವನಾದರೂ ಆಗಲಿ" ಎಂದು ನಗುವ ಚಿತ್ರ ಹಾಕಿದ್ದಾರೆ. ಅದು ನನಗೆ ನೋವು ಕೊಟ್ಟಿತು. ಟ್ರೇಡ್ಸ್‌ಮನ್ ಆಗಿ ಸೇರುವ ಹುಡುಗರೂ ಅದೇ ಮೈದಾನದಲ್ಲಿ ಓಡಿ, ಅದೇ ಬಂದೂಕು ಹಿಡಿದು ಕಲಿತವರು. ಎತ್ತರದ ಬೆಟ್ಟದ ಮೇಲೆ ನೀರು ಬೇಗ ಕುದಿಯುತ್ತದೆ, ಅಕ್ಕಿ ಮಾತ್ರ ಬೇಯುವುದಿಲ್ಲ. ಅಲ್ಲಿ ಲಂಗರ್‌ನ, ಅಂದರೆ ಸೈನ್ಯದ ಅಡುಗೆಮನೆಯ ಹುಡುಗ ಬೆಳಗಿನ ಜಾವ ಮೂರಕ್ಕೆ ಎದ್ದು, ಹೆಪ್ಪುಗಟ್ಟಿದ ಡಬ್ಬದ ಹಿಮ ಕರಗಿಸಿ, ಕುಕ್ಕರ್ ಇಟ್ಟರೆ ಗಸ್ತಿಗೆ ಹೋಗುವವರ ಹೊಟ್ಟೆಗೆ ಬಿಸಿ ಊಟ. ಆ ಕೈಗಳಿಗೆ ನಾನು ಇವತ್ತಿಗೂ ಮುಗಿಯುತ್ತೇನೆ.

ಇನ್ನು ನಾಲ್ಕು ವರ್ಷದ ಲೆಕ್ಕ. ನನ್ನ ಕಾಲ ಬೇರೆ. ಹದಿನೈದು ವರ್ಷ ದಾಟಿದರೆ ಪಿಂಚಣಿ ಇತ್ತು. ಈಗ ಅಗ್ನಿವೀರನಿಗೆ ಮೊದಲ ವರ್ಷ ತಿಂಗಳಿಗೆ 30,000, ನಾಲ್ಕನೇ ವರ್ಷ 40,000. ಅದರಲ್ಲಿ ಶೇ. 30 ಸೇವಾ ನಿಧಿಗೆ ಹೋಗುತ್ತದೆ, ಸರ್ಕಾರ ಅಷ್ಟೇ ಸೇರಿಸುತ್ತದೆ. ಹೊರಬರುವಾಗ ಅಸಲೇ ಹತ್ತು ಲಕ್ಷದ ಮೇಲೆ, ಬಡ್ಡಿ ಬೇರೆ. ಪಿಂಚಣಿ ಇಲ್ಲ. ಮುಂದುವರಿಸುವುದು ಶೇ. 25ರವರೆಗೆ ಮಾತ್ರ. ಅಂದರೆ ನಾಲ್ಕರಲ್ಲಿ ಮೂವರು ಇಪ್ಪತ್ತಮೂರು, ಇಪ್ಪತ್ನಾಲ್ಕರ ವಯಸ್ಸಿಗೆ ಮನೆಗೆ ಬರುತ್ತಾರೆ. ಪುಟ್ಟ, ನೀನು ಆ ಒಬ್ಬನೇ ಆಗು ಎಂದು ದೇವರಲ್ಲಿ ಕೇಳಿಕೊಳ್ಳುತ್ತೇನೆ. ಆದರೆ ವರ್ಗ ಆರಿಸುವಾಗ ಆ ಮೂವರಲ್ಲಿ ಒಬ್ಬನಾದರೆ ಕೈಯಲ್ಲಿ ಏನಿರುತ್ತದೆ ಎಂದು ಯೋಚಿಸು.

ಅದಕ್ಕೇ ನಾನು ಟೆಕ್ನಿಕಲ್ ಮೊದಲು ಎನ್ನುತ್ತೇನೆ. ಏಳನೇ ತರಗತಿಯಲ್ಲಿ ನಮ್ಮ ತೋಟದ ಪಂಪ್‌ಸೆಟ್ ಸ್ಟಾರ್ಟರ್ ಬಿಚ್ಚಿ, ಸುಟ್ಟ ಕಾಯಿಲ್ ಯಾವುದು ಎಂದು ನನಗಿಂತ ಮೊದಲು ತೋರಿಸಿದವನು ನೀನು. ಆ ಬುದ್ಧಿಯನ್ನು ಗೆಳೆಯರ ಜೊತೆ ಒಂದೇ ಬಸ್ಸಿನಲ್ಲಿ ಹೋಗಬೇಕು ಎನ್ನುವ ಆಸೆಗೆ ಬಿಟ್ಟುಕೊಡಬೇಡ. ಭರ್ತಿಯ ದಿನದ ತನಕ ಒಟ್ಟಿಗೆ ಇರುತ್ತೀರಿ, ಆಮೇಲೆ ತರಬೇತಿಗೆ ಒಬ್ಬ ಬೆಳಗಾವಿ, ಒಬ್ಬ ನಾಸಿಕ್, ಒಬ್ಬ ಸಿಕಂದರಾಬಾದ್. ಅಲ್ಲ ಮಾವ, ನನಗೆ ಪದಾತಿದಳವೇ ಬೇಕು, ಮುಂದಿನ ಸಾಲಿನಲ್ಲೇ ನಿಲ್ಲಬೇಕು ಎಂದು ನಿನ್ನ ಮನಸ್ಸೇ ಹೇಳುತ್ತಿದ್ದರೆ, ಜನರಲ್ ಡ್ಯೂಟಿಗಿಂತ ಗೌರವದ ಜಾಗ ಇನ್ನೊಂದಿಲ್ಲ. ಆಗ ನಾನೇ ನಿನ್ನ ಅಪ್ಪನೊಡನೆ ಮಾತಾಡುತ್ತೇನೆ.

ಓಟದಲ್ಲಿ ನಿನಗೆ ತೊಂದರೆಯಿಲ್ಲ. 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸುತ್ತೀಯ, ಜನರಲ್ ಡ್ಯೂಟಿಯಲ್ಲಿ ಅದಕ್ಕೆ ಪೂರ್ಣ 60 ಅಂಕ. ಆದರೆ ಈಗ ಮೊದಲು ಬರುವುದು ಆನ್‌ಲೈನ್ ಪರೀಕ್ಷೆ, ಮೈದಾನದಲ್ಲಿ ಓಡಿಸಿ ನೋಡುವ ರ‍್ಯಾಲಿ ಆಮೇಲೆ. ಟೆಕ್ನಿಕಲ್‌ನಲ್ಲಿ ಗಣಿತ, ಭೌತಶಾಸ್ತ್ರದ ಪ್ರಶ್ನೆಗಳೇ ಹೆಚ್ಚು, ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಆ 44 ಅಂಕದ ಗಣಿತವನ್ನು ಇವತ್ತಿನಿಂದಲೇ ಹಿಡಿ. ಬೆಳಿಗ್ಗೆ ಓಟ, ಸಂಜೆ ಗಣಿತ.

ಭಾವ, ಕೊನೆಯದಾಗಿ ಒಂದು. ಒಳ್ಳೆಯ ಟ್ರೇಡು ಕೊಡಿಸುತ್ತೇನೆ ಎಂದು ಯಾರಾದರೂ ಹಣ ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ನನ್ನ ಜೊತೆ ಭರ್ತಿಗೆ ಬಂದಿದ್ದ ಹುಡುಗನ ತಂದೆ ಒಂದು ಜೊತೆ ಎತ್ತು ಮಾರಿ ದಲ್ಲಾಳಿಗೆ ಕೊಟ್ಟಿದ್ದರು. ಹುಡುಗ ಓಟದಲ್ಲೇ ಹೊರಬಿದ್ದ, ಹಣ ವಾಪಸು ಬರಲಿಲ್ಲ.

ಭಾನುವಾರ ಬೆಳಿಗ್ಗೆ ಪುಟ್ಟ ನಮ್ಮ ಮನೆಗೆ ಬರಲಿ. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿಯ ಮೂಲಪ್ರತಿ ಮತ್ತು ಆಧಾರ್ ತರಲಿ. ಆಧಾರ್‌ನಲ್ಲಿ ಅವನ ಹೆಸರಿನ ಇನಿಷಿಯಲ್ ಮುಂದೆ ಇದೆ, ಅಂಕಪಟ್ಟಿಯಲ್ಲಿ ಹಿಂದೆ ಇದೆ ಎಂದು ಅಕ್ಕ ಹೋದ ವರ್ಷ ಹೇಳಿದ ನೆನಪು. ಅದನ್ನು ಮೊದಲು ಸರಿ ಮಾಡಿಸಿ, ಆಮೇಲೆ ಅರ್ಜಿಯನ್ನು ಇಬ್ಬರೂ ಕುಳಿತು ತುಂಬುತ್ತೇವೆ.