ಔಷಧ ಪ್ರಯೋಗದಲ್ಲಿ ‘ಬಯಾಸ್’: ‘ಪಕ್ಷಪಾತ’ ಸರಿಯೇ, ‘ವಾಲಿಕೆ’ ಆದೀತೇ?

ಮಾನ್ಯರೇ,

ಔಷಧ ಪ್ರಯೋಗಗಳಲ್ಲಿ ಕೆಲಸ ಮಾಡುವ ಶುಶ್ರೂಷಕಿಯರಿಗಾಗಿ ಹಾಸನದಲ್ಲಿ ನಾವು ಕೆಲವರು ಕನ್ನಡ ಕೈಪಿಡಿಯೊಂದನ್ನು ಸಿದ್ಧಪಡಿಸುತ್ತಿದ್ದೇವೆ. ಬಯಾಸ್, ಎಂದರೆ ಫಲಿತಾಂಶವನ್ನು ಒಂದೇ ಕಡೆಗೆ ಓರೆಯಾಗಿಸುವ ತಪ್ಪು, ಎಂಬುದಕ್ಕೆ ರೂಢಿಯಲ್ಲಿರುವ ‘ಪಕ್ಷಪಾತ’ವನ್ನು ಕರಡಿನಲ್ಲಿ ಕಂಡ ಹಿರಿಯ ಸಿಸ್ಟರ್ ಒಬ್ಬರು, “ನಾವು ಯಾರ ಪಕ್ಷವನ್ನೂ ವಹಿಸುವುದಿಲ್ಲವಲ್ಲ” ಎಂದು ನೊಂದು ಕೇಳಿದರು. ಅವರ ಮಾತು ನ್ಯಾಯವಾದದ್ದು. ಪಕ್ಷಪಾತದಲ್ಲಿ ಉದ್ದೇಶವಿರುತ್ತದೆ, ಪ್ರಯೋಗವನ್ನು ಕೆಡಿಸುವ ಓರೆ ಬಹುಮಟ್ಟಿಗೆ ಯಾರ ಅರಿವಿಗೂ ಬಾರದು.

ರಕ್ತದೊತ್ತಡ ನೋಡುವಾಗ ಮುಳ್ಳು 140 ಮತ್ತು 144ರ ನಡುವೆ ಅದುರುತ್ತಿದೆ ಎನ್ನಿ. ರೋಗಿಗೆ ಹೊಸ ಮಾತ್ರೆ ಸಿಗುತ್ತಿದೆ ಎಂದು ಗೊತ್ತಿದ್ದರೆ ಕೈ 140 ಎಂದು ಬರೆಯುತ್ತದೆ, ಹಳೆಯ ಮಾತ್ರೆಯವರಿಗೆ 144 ಎಂದು. ಒಂದೊಂದನ್ನೇ ನೋಡಿದರೆ ಯಾವುದೂ ಸುಳ್ಳಲ್ಲ. ನೂರಾರು ಜನರ ಅಂಕಿಗಳು ಕೂಡಿದಾಗ ಮಾತ್ರ ಮಾತ್ರೆಗೆ ಇಲ್ಲದ ಗುಣ ಬಂದುಬಿಡುತ್ತದೆ. ಇಲ್ಲಿ ‘ಪೂರ್ವಗ್ರಹ’ ತಕ್ಕಮಟ್ಟಿಗೆ ಹೊಂದೀತು. ಆದರೆ ಮದ್ದು ಒಗ್ಗದವರು ನಡುವೆಯೇ ಬಿಟ್ಟುಹೋಗಿ, ಉಳಿದವರನ್ನಷ್ಟೇ ಲೆಕ್ಕಕ್ಕೆ ಹಿಡಿದಾಗ ಆಗುವ ತಪ್ಪಿನಲ್ಲಿ ಯಾರ ಮನಸ್ಸಿನ ಗ್ರಹಿಕೆಯೂ ಇಲ್ಲ. ಲೆಕ್ಕದ ಕ್ರಮವೇ ಒಂದು ಕಡೆಗೆ ಸರಿದಿರುತ್ತದೆ.

ಆದ್ದರಿಂದ ‘ವಾಲಿಕೆ’ ಎಂಬುದನ್ನು ಸೂಚಿಸುತ್ತೇನೆ. ಆಲೂಗೆಡ್ಡೆ ಸುರಿಯುವ ಮೊದಲೇ ತಕ್ಕಡಿಯ ಒಂದು ತಟ್ಟೆ ತಗ್ಗಿದ್ದರೆ, ತೂಗುವವನು ಎಷ್ಟೇ ನಿಯತ್ತಿನವನಾದರೂ ತೂಕ ತಪ್ಪುತ್ತದೆ. ಆಯ್ಕೆಯ ವಾಲಿಕೆ, ಅಳತೆಯ ವಾಲಿಕೆ ಎಂದು ಪದ ಜೋಡಿಸುವುದೂ ಸುಲಭ. ಅನುಕೂಲ ಫಲಿತಾಂಶವನ್ನಷ್ಟೇ ಪ್ರಕಟಿಸುವುದು ವರದಿಯ ವಾಲಿಕೆಯಾಗುತ್ತದೆ. ಇದನ್ನು ತಡೆಯಲೆಂದೇ ನಮ್ಮ ದೇಶದಲ್ಲಿ 2009ರ ಜೂನ್ 15ರಿಂದ ಔಷಧ ಪ್ರಯೋಗಗಳನ್ನು ಮೊದಲೇ ನೋಂದಾಯಿಸುವುದು ಕಡ್ಡಾಯವಾಗಿದೆ.

ಇನ್ನೊಂದು ತೊಡಕು ‘ಬ್ಲೈಂಡಿಂಗ್’, ಎಂದರೆ ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಮರೆಯಲ್ಲಿಡುವುದು. 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಸ್ಟ್ರೆಪ್ಟೊಮೈಸಿನ್ ಕ್ಷಯರೋಗ ಪ್ರಯೋಗದಲ್ಲಿ ಯಾರಿಗೆ ಯಾವ ಚಿಕಿತ್ಸೆ ಎಂಬುದು ಮೊಹರು ಮಾಡಿದ ಲಕೋಟೆಯಲ್ಲಿತ್ತು. ಎಕ್ಸ್‌ರೇ ಓದಿದವರಿಗೂ ಅದು ತಿಳಿದಿರಲಿಲ್ಲ. ಈ ಎಚ್ಚರಿಕೆಯನ್ನು ‘ಕುರುಡು ಪ್ರಯೋಗ’ ಎನ್ನುವುದು ಒರಟು; ‘ಕಣ್ಣುಕಟ್ಟು’ ಎಂದರಂತೂ ರೋಗಿಗಳು ಮೋಸವೆಂದೇ ತಿಳಿದಾರು. ರೋಗಿಗೆ ಮಾತ್ರ ತಿಳಿಸದಿದ್ದರೆ ‘ಒಮ್ಮರೆ’, ಅಳೆಯುವವರಿಗೂ ತಿಳಿಸದಿದ್ದರೆ ‘ಇಮ್ಮರೆ’ ಎನ್ನಬಹುದೆಂದು ನನಗೆ ತೋರುತ್ತದೆ. ಒಮ್ಮನ, ಇಮ್ಮಡಿಗಳ ಜಾಡಿನಲ್ಲಿ ಈ ರೂಪಗಳು ವ್ಯಾಕರಣಕ್ಕೆ ಒಪ್ಪುತ್ತವೆಯೇ? ‘ವಾಲಿಕೆ’ಯನ್ನು ಬೇರೆ ಅರ್ಥದಲ್ಲಿ ಬಳಸುವ ಸೀಮೆ ಯಾವುದಾದರೂ ಇದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.