3ನೇ ಅಡ್ಡರಸ್ತೆಯ ಬೋರ್‌ವೆಲ್ ನೀರಿನಲ್ಲಿ ಪೆಟ್ರೋಲ್ ವಾಸನೆ: ಪರೀಕ್ಷೆ ಮತ್ತು ದೂರಿನ ಬಗ್ಗೆ

ಮನೆ ಸಂಖ್ಯೆ 27:
ಎಲ್ಲರಿಗೂ ನಮಸ್ಕಾರ. ಹತ್ತು ದಿನಗಳಿಂದ ನಮ್ಮ ಬೋರ್‌ವೆಲ್ ನೀರಿಗೆ ಪೆಟ್ರೋಲ್ ವಾಸನೆ ಬರುತ್ತಿದೆ. ನಿನ್ನೆ ಬೆಳಿಗ್ಗೆ ಸಂಪಿನ ಮುಚ್ಚಳ ತೆಗೆದಾಗ ಘಾಟು ಮುಖಕ್ಕೆ ರಾಚಿತು. ಬಕೆಟ್‌ನಲ್ಲಿ ಹಿಡಿದಿಟ್ಟ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳು ಪೊರೆ ಕಟ್ಟಿತ್ತು. ಮುಖ್ಯರಸ್ತೆಯ ಬಂಕ್ ನಮ್ಮ ಹಿತ್ತಲ ಗೋಡೆಯಿಂದ ಅರವತ್ತು ಅಡಿಯೂ ಇಲ್ಲ. ಅಲ್ಲಿ ವಿಚಾರಿಸಿದರೆ ಟ್ಯಾಂಕ್ ಸರಿಯಾಗಿಯೇ ಇದೆ ಎಂದು ಹೇಳಿ ಕಳುಹಿಸಿದರು. ಬೇರೆ ಯಾರ ಮನೆಯಲ್ಲಾದರೂ ಹೀಗಾಗಿದೆಯೇ?

ಮನೆ ಸಂಖ್ಯೆ 31:
ನಮ್ಮಲ್ಲಿ ವಾಸನೆಯಿಲ್ಲ, ಆದರೆ ಡ್ರಮ್ಮಿನಲ್ಲಿ ನಿಂತ ನೀರಿನ ಮೇಲೆ ಪೊರೆ ಕಾಣುತ್ತದೆ. ನೀರಿನಲ್ಲಿರುವ ಕಬ್ಬಿಣದ ಅಂಶವಿರಬಹುದು ಎಂದು ಸುಮ್ಮನಿದ್ದೆವು.

ಮನೆ ಸಂಖ್ಯೆ 8:
ಅಂತರ್ಜಲ ಸಮೀಕ್ಷೆಯಲ್ಲಿ ಬಹಳ ವರ್ಷ ಕೆಲಸ ಮಾಡಿದವನಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

27ರವರು ದಯವಿಟ್ಟು ಸಂಪಿನ ಹತ್ತಿರ ಬೆಂಕಿ ತರಬೇಡಿ, ಅಲ್ಲಿನ ಮೋಟಾರಿನ ಸ್ವಿಚ್ಚನ್ನೂ ಮುಟ್ಟಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲಿ ಸೇರಿಕೊಳ್ಳುತ್ತದೆ, ಒಂದು ಕಿಡಿ ಸಾಕು. ಘಾಟು ಹೆಚ್ಚಾದರೆ 112ಕ್ಕೆ ಕರೆ ಮಾಡಿ.

31ರ ಮೇಡಂ, ಆ ಪೊರೆಯನ್ನು ಕಡ್ಡಿಯಿಂದ ಕದಡಿ ನೋಡಿ. ಕಬ್ಬಿಣದ ಬ್ಯಾಕ್ಟೀರಿಯಾದ ಪೊರೆಯಾದರೆ ಗಾಜಿನ ಚೂರುಗಳಂತೆ ಒಡೆದು ಬೇರೆಯಾಗಿಯೇ ನಿಲ್ಲುತ್ತದೆ. ಎಣ್ಣೆಯದಾದರೆ ಮತ್ತೆ ಕೂಡಿಕೊಳ್ಳುತ್ತದೆ. ಆದರೆ ವಾಸನೆಯಿಲ್ಲವೆಂದು ಯಾರೂ ನಿಶ್ಚಿಂತರಾಗಬಾರದು. ಪೆಟ್ರೋಲಿನಲ್ಲಿರುವ ಬೆಂಜೀನ್ ಕ್ಯಾನ್ಸರ್ ತರುವ ವಸ್ತು. ಕುಡಿಯುವ ನೀರಿನಲ್ಲಿ ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ನಮ್ಮ ಮೂಗಿಗೆ ತಿಳಿಯಬೇಕಾದರೆ ಅದರ ಎಷ್ಟೋ ಪಟ್ಟು ಇರಬೇಕು.

ಪೆಟ್ರೋಲ್ ನೀರಿಗಿಂತ ಹಗುರ. ಸೋರಿದ್ದರಲ್ಲಿ ಒಂದಂಶ ಮಣ್ಣಿನ ಕಣಗಳ ನಡುವೆಯೇ ಸಿಕ್ಕಿಕೊಂಡು, ಮಿಕ್ಕದ್ದು ಅಂತರ್ಜಲದ ಮೇಲೆ ತೇಲುತ್ತದೆ. ಅದರಿಂದ ಬೆಂಜೀನ್, ಟಾಲ್ಯೂಯಿನ್‌ನಂಥವು ಸ್ವಲ್ಪಸ್ವಲ್ಪವಾಗಿ ಕರಗಿ ನೀರಿನ ಹರಿವಿನೊಂದಿಗೆ ಸಾಗುತ್ತವೆ. ನಮ್ಮ ಬೆಂಗಳೂರಿನ ನೆಲದಲ್ಲಿ ಮೇಲೆ ಶಿಥಿಲಗೊಂಡ ಪದರ, ಅದರಡಿ ಬಿರುಕುಬಿಟ್ಟ ‘ನೈಸ್’ ಎಂಬ ಗಟ್ಟಿ ಬಂಡೆ. ಬಿರುಕುಗಳಲ್ಲಿ ನೀರು ಯಾವ ಕಡೆ ಹೋಗುತ್ತದೆಂದು ರಸ್ತೆಯ ಇಳಿಜಾರು ನೋಡಿ ಹೇಳಲಾಗದು. ಬಂಕಿನ ಪಕ್ಕದ ಮನೆಯ ನೀರು ಚೆನ್ನಾಗಿದ್ದು ಎರಡು ರಸ್ತೆ ಆಚೆಯದು ಕೆಟ್ಟಿರಬಹುದು. ನಾವು ಹೆಚ್ಚು ಪಂಪ್ ಮಾಡಿದಷ್ಟೂ ಅದನ್ನು ನಮ್ಮ ಕಡೆಗೇ ಎಳೆದುಕೊಳ್ಳುತ್ತೇವೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಬೆರೆಸುವುದರಿಂದ ಇನ್ನೊಂದು ತೊಡಕಿದೆ: ಮಣ್ಣಿನ ಸೂಕ್ಷ್ಮಜೀವಿಗಳು ಮೊದಲು ಎಥನಾಲನ್ನು ತಿಂದು ಅಲ್ಲಿನ ಆಮ್ಲಜನಕವನ್ನು ಮುಗಿಸಿಬಿಡುತ್ತವೆ, ಬೆಂಜೀನ್ ಕೊಳೆಯದೆ ಮತ್ತಷ್ಟು ದೂರ ಹೋಗಬಹುದು.

ಮನೆ ಸಂಖ್ಯೆ 14:
ಕುದಿಸಿ ಕುಡಿದರೆ ಆಗುವುದಿಲ್ಲವೇ ಸರ್? ನಮ್ಮಲ್ಲಿ ಆರ್‌ಓ ಫಿಲ್ಟರ್ ಕೂಡ ಇದೆ.

ಮನೆ ಸಂಖ್ಯೆ 8:
ಬೇಡ. ಕುದಿಸಿದರೆ ಬೆಂಜೀನ್ ಆವಿಯಾಗಿ ಅಡುಗೆಮನೆಯ ಗಾಳಿಗೆ ಸೇರುತ್ತದೆ, ಅದನ್ನೇ ಉಸಿರಾಡುತ್ತೀರಿ. ಬಿಸಿನೀರಿನ ಸ್ನಾನಕ್ಕೂ ಇದೇ ಮಾತು. ಮನೆಯ ಫಿಲ್ಟರನ್ನು ಇಂಥ ನೀರಿಗಾಗಿ ಮಾಡಿಲ್ಲ. ವರದಿ ಬರುವವರೆಗೆ ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಕಾವೇರಿ ನೀರನ್ನೇ ಬಳಸಿ.

ಮನೆ ಸಂಖ್ಯೆ 19:
ನಾಳೆಯೇ ಎಲ್ಲರೂ ಬಂಕಿನ ಮುಂದೆ ಧರಣಿ ಕೂರೋಣ. ಮಕ್ಕಳಿರುವ ಮನೆಗಳು ಎಷ್ಟು ದಿನ ಕಾಯಬೇಕು?

ಸಂಘದ ಕಾರ್ಯದರ್ಶಿ:
ತಮ್ಮ ಆತಂಕ ನನ್ನದೂ ಹೌದು. ಆದರೆ ಕೈಯಲ್ಲಿ ವರದಿಯಿಲ್ಲದೆ ಹೋದರೆ 27ರವರಿಗೆ ಸಿಕ್ಕ ಉತ್ತರವೇ ನಮಗೂ ಸಿಗುತ್ತದೆ. ಚೆನ್ನೈನ ತಂಡಿಯಾರಪೇಟೆಯಲ್ಲಿ 2013ರಲ್ಲಿ ನೆಲದಡಿಯ ತೈಲ ಕೊಳವೆ ಸೋರಿ ಮನೆಗಳ ಬೋರ್‌ವೆಲ್‌ಗಳಲ್ಲಿ ತೈಲವೇ ಬಂದಿತ್ತು. ಆ ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ನಾವು ಇಂದೇ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಡೋಣ. 1974ರ ಜಲ ಕಾಯ್ದೆಯ 24ನೇ ಕಲಂ ಬಾವಿಗಾಗಲಿ ನೆಲಕ್ಕಾಗಲಿ ಮಾಲಿನ್ಯಕಾರಕ ವಸ್ತು ಸೇರಲು ಬಿಡುವುದನ್ನು ನಿಷೇಧಿಸುತ್ತದೆ, 21ನೇ ಕಲಮಿನಡಿ ಮಂಡಳಿ ಮಾದರಿ ಸಂಗ್ರಹಿಸಬಹುದು. ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆಗೂ ಪ್ರತಿ ಕಳುಹಿಸುತ್ತೇನೆ. ದೂರಿನಲ್ಲಿ ಏನೇನು ಕೇಳಬೇಕೆಂದು 8ರ ಸರ್ ತಿಳಿಸಬೇಕು.

ಮನೆ ಸಂಖ್ಯೆ 8:
ಟ್ಯಾಂಕ್ ಮತ್ತು ಅದರ ಪೈಪುಗಳ ಒತ್ತಡ ಪರೀಕ್ಷೆಯನ್ನು ಮೊದಲು ಕೇಳಿ. ಜೊತೆಗೆ ದಿನವೂ ಡಿಪ್ ರಾಡ್ (ಟ್ಯಾಂಕಿನ ಅಳತೆ ಕೋಲು) ಇಳಿಸಿ ಬರೆದಿಡುವ ದಾಸ್ತಾನು ಪುಸ್ತಕವನ್ನು ಮಾರಾಟದ ಲೆಕ್ಕದೊಂದಿಗೆ ತಾಳೆ ನೋಡಬೇಕೆಂದು ಕೇಳಿ. ಟ್ಯಾಂಕಿನ ಸುತ್ತ ಬೇರೆಬೇರೆ ಆಳದ ಮಣ್ಣು ತೆಗೆದು ಪರೀಕ್ಷಿಸಬೇಕು. ತ್ರಿಕೋನಾಕಾರದಲ್ಲಿ ಕನಿಷ್ಠ ಮೂರು ವೀಕ್ಷಣಾ ಬಾವಿಗಳನ್ನು ಕೊರೆಯದಿದ್ದರೆ ನೀರಿನ ಹರಿವಿನ ದಿಕ್ಕೇ ತಿಳಿಯದು.

ನಮ್ಮ ಕಡೆಯ ಕೆಲಸ ನೀರಿನ ಮಾದರಿ. ಮಾಮೂಲಿ ಗಡಸುತನ, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಾಂಶ) ಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ. ಬೆಂಜೀನ್, ಟಾಲ್ಯೂಯಿನ್, ಈಥೈಲ್ ಬೆಂಜೀನ್, ಜೈಲೀನ್ ಮತ್ತು ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್ ಎಂದು ಬರೆದೇ ಕೊಡಬೇಕು. ಪ್ಲಾಸ್ಟಿಕ್ ಬಾಟಲಿ ಬೇಡ. ಪ್ರಯೋಗಾಲಯದವರೇ ಕೊಡುವ 40 ಮಿಲಿಲೀಟರಿನ ಗಾಜಿನ ಸೀಸೆಯನ್ನು, ಓವರ್‌ಹೆಡ್ ಟ್ಯಾಂಕಿನ ನಲ್ಲಿಯಿಂದಲ್ಲದೆ ಬೋರ್‌ವೆಲ್ ಬಾಯಿಯ ಪೈಪಿನಿಂದಲೇ, ನೀರನ್ನು ಸಣ್ಣಗೆ ಬಿಟ್ಟು ಅಂಚಿನವರೆಗೆ ತುಂಬಬೇಕು. ಮುಚ್ಚಳ ಬಿಗಿದು ತಲೆಕೆಳಗು ಮಾಡಿ ಬೆರಳಿನಿಂದ ತಟ್ಟಿದಾಗ ಒಂದು ಗುಳ್ಳೆಯೂ ಏಳಬಾರದು. ಎದ್ದರೆ ಆ ಸೀಸೆ ಬಿಟ್ಟು ಬೇರೆಯದನ್ನು ತುಂಬಿ. ಕೂಡಲೇ ಐಸ್ ಪೆಟ್ಟಿಗೆಗೆ ಇಡಬೇಕು.

ಸಂಘದ ಕಾರ್ಯದರ್ಶಿ:
ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯಿರುವ ಪ್ರಯೋಗಾಲಯದಿಂದ ಸೀಸೆಗಳನ್ನು ಶನಿವಾರ ತರಿಸುತ್ತೇನೆ, ಖರ್ಚು ಸಂಘದ್ದು. 8, 14, 19, 27, 31ರವರು ಭಾನುವಾರ ರಾತ್ರಿ ಬೋರ್ ಮೋಟಾರ್ ಹಾಕದೆ, ಸೋಮವಾರ ಬೆಳಿಗ್ಗೆ ಏಳಕ್ಕೆ ಮನೆಯಲ್ಲಿರಬೇಕೆಂದು ವಿನಂತಿ. ಬೋರ್ ಕೊರೆಸಿದ ವರ್ಷ, ಆಳ ಮತ್ತು ಕೇಸಿಂಗ್ (ಬೋರಿನ ಮೇಲ್ಭಾಗಕ್ಕೆ ಇಳಿಸಿದ ಹೊರ ಪೈಪು) ಎಷ್ಟು ಅಡಿ ಎಂಬುದನ್ನು ಹಳೆಯ ರಸೀದಿ ನೋಡಿ ಇಲ್ಲಿಯೇ ಬರೆಯಿರಿ.

ಮನೆ ಸಂಖ್ಯೆ 31:
ಕಡ್ಡಿಯಿಂದ ಕದಡಿ ನೋಡಿದೆ ಸರ್. ಪೊರೆ ಒಡೆಯಲಿಲ್ಲ, ಮತ್ತೆ ಕೂಡಿಕೊಂಡಿತು. ನಮ್ಮ ಬೋರ್ 420 ಅಡಿ, ಕೇಸಿಂಗ್ 60 ಅಡಿ.